ಆಟದ ವೀರನಿಗೊಂದು ಬಾಲ್ಯ
(ಶಾಲಾ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ವಿಡಿಯೋ ಗೇಮ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ಹಿರಿಯರು ಹುಬ್ಬು ಗಂಟಿಕ್ಕುವುದೂ ಕಿರಿಯರ ಕಣ್ಣು ಅರಳುವುದೂ ಇಂದು ಮನೆಮನೆಯ ಮಾತು. ಆಟದಿಂದ ಓದು ಕೆಡುತ್ತದೆಯೆಂಬ ದೂರನ್ನು ನಾವೆಲ್ಲರೂ ಕೇಳಿದ್ದೇವೆ. ಆದರೆ ಒಂದು ಆಟವೇ ವಿಚಾರಯೋಗ್ಯವಾದ ಪುಸ್ತಕವೊಂದಕ್ಕೆ ಕಾರಣವಾದುದೂ ಉಂಟು. ಆ ಪುಸ್ತಕದ ವಿಷಯವನ್ನು ಇಂದು ತಮ್ಮ ಮುಂದಿಡಬೇಕೆಂಬುದು ನಮ್ಮ ಅಪೇಕ್ಷೆ.

ಅಮೆರಿಕದ ಬಂಜಿ ಎಂಬ ಸಂಸ್ಥೆಯು ರಚಿಸಿದ ‘ಹೇಲೋ’ ಎಂಬ ಆಟವು 2001ರ ನವೆಂಬರ್ 15ರಂದು, ಮೈಕ್ರೋಸಾಫ್ಟ್‌ನವರ ಎಕ್ಸ್‌ಬಾಕ್ಸ್ ಯಂತ್ರದೊಡನೆ ಹೊರಬಂದಿತು. ಅದರ ನಾಯಕನು ಹಸಿರು ಕವಚ ತೊಟ್ಟ ಒಬ್ಬ ಯೋಧ. ಅವನ ಮುಖವನ್ನು ಆಟವು ತೋರಿಸುವುದಿಲ್ಲ. ಅವನ ಮಾತೂ ಬಲು ಮಿತ. ಆಡುವವನು ಅವನ ಕಣ್ಣಿನಿಂದಲೇ ನೋಡುತ್ತಾನೆ, ಅವನ ಕೈಯಿಂದಲೇ ಹೋರಾಡುತ್ತಾನೆ. ಗೆಲ್ಲುವುದಕ್ಕೆ ಅಷ್ಟು ಸಾಕು. ಈ ಯೋಧ ಯಾರ ಮಗ, ಎಲ್ಲಿ ಬೆಳೆದವನು ಎಂದು ಕೇಳುವ ಬಿಡುವು ಆಟದಲ್ಲಿ ಇಲ್ಲ.

ಆ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಎರಿಕ್ ನೈಲಂಡ್ ಎಂಬ ಲೇಖಕರು. ‘ದಿ ಫಾಲ್ ಆಫ್ ರೀಚ್’, ಅಂದರೆ ‘ರೀಚ್‌ನ ಪತನ’, ಎಂಬ ಅವರ ವೈಜ್ಞಾನಿಕ ಕಾದಂಬರಿಯು ಆಟಕ್ಕಿಂತ ಕೆಲವು ದಿನ ಮೊದಲೇ, ಅದೇ ವರ್ಷದ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಆಟದ ಕಥೆ ಎಲ್ಲಿ ಆರಂಭವಾಗುವುದೋ ಅಲ್ಲಿಗೆ ಕಾದಂಬರಿ ಮುಗಿಯುತ್ತದೆ. ತಾಳಮದ್ದಳೆಯನ್ನು ಬಲ್ಲ ತಮಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಪ್ರಸಂಗದ ಪದ್ಯವು ಎಲ್ಲರಿಗೂ ಒಂದೇ. ಅದರ ಪಾತ್ರಕ್ಕೆ ಮನಸ್ಸನ್ನು ಕೊಡುವವನು ಅರ್ಥಧಾರಿ. ಆಟದ ಮೂಕವೀರನಿಗೆ ಕಾದಂಬರಿಕಾರರು ಮಾಡಿದುದೂ ಅದನ್ನೇ.

ಕಥೆಯ ಕಾಲ 26ನೆಯ ಶತಮಾನ. ಮಾನವರು ನಕ್ಷತ್ರಲೋಕಗಳಲ್ಲಿ ಊರು ಕಟ್ಟಿ ನೆಲೆಸಿದ್ದಾರೆ. ಅವರ ಮುಖ್ಯ ಸೇನಾನೆಲೆ ರೀಚ್ ಎಂಬ ಗ್ರಹ. ಗ್ರಹವು ಕಲ್ಪಿತವಾದರೂ ಅದು ಸುತ್ತುವ ಎಪ್ಸಿಲಾನ್ ಎರಿಡಾನಿ ಎಂಬ ನಕ್ಷತ್ರ ನಿಜವಾದುದು. ನಮ್ಮಿಂದ ಸುಮಾರು ಹತ್ತೂವರೆ ಜ್ಯೋತಿರ್ವರ್ಷಗಳ ದೂರದಲ್ಲಿದೆ. ಇಂದು ರಾತ್ರಿ ನಮ್ಮ ಕಣ್ಣಿಗೆ ಬೀಳುವ ಅದರ ಬೆಳಕು, ಈಗ ಹತ್ತನೆಯ ತರಗತಿಯಲ್ಲಿರುವವರು ಅಂಗನವಾಡಿಯಲ್ಲಿದ್ದ ಕಾಲಕ್ಕೆ ಅಲ್ಲಿಂದ ಹೊರಟುದು.

ಈ ಲೋಕದಲ್ಲಿ ದಂಗೆಗಳು ತಲೆಯೆತ್ತಿವೆ. ಅವು ಮಹಾಯುದ್ಧವಾಗಿ ಹಬ್ಬುವ ಮೊದಲೇ ಅಡಗಿಸಬೇಕೆಂದು ಡಾಕ್ಟರ್ ಹಾಲ್ಸಿ ಎಂಬ ವಿಜ್ಞಾನಿಯು ಒಂದು ಯೋಜನೆಯನ್ನು ಹೂಡುತ್ತಾಳೆ. ದೇಹಬಲದಲ್ಲಿಯೂ ಬುದ್ಧಿಯಲ್ಲಿಯೂ ಮೇಲಾದ 75 ಮಕ್ಕಳನ್ನು, ಆರು ವರ್ಷದ ಪ್ರಾಯದಲ್ಲಿ, ಮನೆಯವರಿಗೆ ತಿಳಿಯದಂತೆ ಕದ್ದು ತರಲಾಗುತ್ತದೆ. ಆ ಮಕ್ಕಳ ಜಾಗದಲ್ಲಿ ಅವರಂತೆಯೇ ಕಾಣುವ ಕೃತಕ ಪ್ರತಿರೂಪಗಳನ್ನು ಇಟ್ಟು ಬರಲಾಗುತ್ತದೆ. ಅವು ಬಹುಕಾಲ ಬದುಕಲಾರವು. ತಮ್ಮ ಮಗುವೇ ಕಾಯಿಲೆಯಿಂದ ತೀರಿಕೊಂಡಿತೆಂದು ತಾಯಿತಂದೆಗಳು ಅಳುತ್ತಾರೆ. ಹೀಗೆ ಕದ್ದು ತಂದವರಲ್ಲಿ ಒಬ್ಬ ಜಾನ್ ಎಂಬ ಬಾಲಕ. ಹಸಿರು ಕವಚದ ವೀರನು ಇವನೇ.

ತರಬೇತಿಯ ಮೊದಲ ದಿನದ ಪ್ರಸಂಗವೊಂದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಮಕ್ಕಳನ್ನು ಮೂವರು ಮೂವರಾಗಿ ಗುಂಪು ಮಾಡಿ, ಅಡೆತಡೆಗಳನ್ನು ದಾಟಿ ಎತ್ತರದ ಗಂಟೆಯನ್ನು ಬಾರಿಸಿ ಬರಬೇಕೆಂದೂ ಕೊನೆಗೆ ಉಳಿದ ಗುಂಪಿಗೆ ಊಟವಿಲ್ಲವೆಂದೂ ಹೇಳುತ್ತಾರೆ. ಜಾನ್ ಜತೆಯವರನ್ನು ಹಿಂದೆ ಬಿಟ್ಟು ಓಡಿ ಎಲ್ಲರಿಗಿಂತ ಮೊದಲು ಗಂಟೆ ಬಾರಿಸುತ್ತಾನೆ. ಆದರೆ ಅವನ ಗುಂಪು ಕೊನೆಯದಾಗುತ್ತದೆ; ಮೊದಲಿಗನಾದ ಜಾನನಿಗೂ ಊಟವಿಲ್ಲ. ಮರುದಿನ ಕೆಲ್ಲಿ, ಸ್ಯಾಮ್ ಎಂಬ ಜತೆಗಾರರೊಡನೆ ಕೂಡಿಕೊಂಡು ಗೆಲ್ಲುತ್ತಾನೆ. ಅಂಕಪಟ್ಟಿಯ ಮೊದಲ ಸ್ಥಾನವನ್ನೇ ಗುರಿಯಾಗಿಸಿಕೊಂಡವರಿಗೆ ಇದಕ್ಕಿಂತ ಸರಳವಾದ ಪಾಠ ಬೇಕೆ?

ಮಕ್ಕಳಿಗೆ ಹದಿನಾಲ್ಕು ತುಂಬಿದಾಗ, ಅವರ ದೇಹಬಲವನ್ನು ಹೆಚ್ಚಿಸುವ ಘೋರ ಶಸ್ತ್ರಚಿಕಿತ್ಸೆಗಳು ನಡೆಯುತ್ತವೆ. 75 ಮಂದಿಯಲ್ಲಿ 30 ಮಂದಿ ಸಾಯುತ್ತಾರೆ, 12 ಮಂದಿ ಅಂಗವಿಕಲರಾಗುತ್ತಾರೆ. 33 ಮಂದಿ ಮಾತ್ರ ಯೋಧರಾಗಿ ಉಳಿಯುತ್ತಾರೆ. ಅಷ್ಟರಲ್ಲಿ ಕಾವೆನೆಂಟ್ ಎಂಬ ಅನ್ಯಲೋಕದ ಜೀವಿಗಳ ಸೇನೆಯು ಮಾನವಕುಲವನ್ನೇ ಅಳಿಸಲು ದಂಡೆತ್ತಿ ಬರುತ್ತದೆ. ದಂಗೆಯನ್ನು ಅಡಗಿಸಲೆಂದು ಕದ್ದು ತಂದ ಮಕ್ಕಳೇ ಈಗ ಎಲ್ಲರ ರಕ್ಷಕರಾಗುತ್ತಾರೆ. ಕೊನೆಗೆ 2552ರಲ್ಲಿ ರೀಚ್ ಗ್ರಹವೂ ಪತನವಾಗುತ್ತದೆ.

ಮಹನೀಯರೇ, ಇಲ್ಲಿ ನಾವು ಕ್ಷಣಕಾಲ ನಿಲ್ಲಬೇಕು. ಆ ಮಕ್ಕಳಿಂದ ಅಸಂಖ್ಯ ಜೀವಗಳು ಉಳಿದುವು. ಅಷ್ಟರಿಂದ ಅವರನ್ನು ಕದ್ದ ಪಾಪವು ತೊಳೆದುಹೋಯಿತೇ? ಅನ್ಯಲೋಕದ ದಂಡು ಬರುವುದೆಂದು ಕದ್ದ ದಿನ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಬಂದ ಫಲವನ್ನು ತೋರಿಸಿ ಮೊದಲು ಮಾಡಿದ ಕೆಲಸವನ್ನು ನ್ಯಾಯವೆನ್ನಬಹುದೇ? ಹದಿಹರೆಯದ ಅಭಿಮನ್ಯುವನ್ನು ಚಕ್ರವ್ಯೂಹಕ್ಕೆ ಕಳುಹಿಸಿದ ಹಿರಿಯರ ಸಂಕಟವನ್ನು ನಾವು ಬಲ್ಲೆವು. ಆದರೆ ಅಭಿಮನ್ಯು ತಾನಾಗಿ ಒಪ್ಪಿ ಹೋದವನು. ಜಾನನನ್ನು ಒಪ್ಪಿಗೆಯೇ ಎಂದು ಯಾರೂ ಕೇಳಲಿಲ್ಲ. ಹಾಲ್ಸಿಯು ಕ್ರೂರಿಯಲ್ಲ, ತಾನು ಮಾಡುವುದು ಏನೆಂದು ಅರಿತು ನೊಂದವಳು. ಅದರಿಂದಲೇ ಪ್ರಶ್ನೆ ಇನ್ನೂ ಕಠಿನವಾಗುತ್ತದೆ.

‘ನಿನ್ನ ಒಳಿತಿಗಾಗಿಯೇ’ ಎಂಬ ಮಾತನ್ನು ಆಡದ ತಾಯಿತಂದೆಗಳು ಅಪರೂಪ. ಆ ಮಾತಿನ ಹಿಂದೆ ಪ್ರೀತಿಯಿರುವುದರಲ್ಲಿ ಸಂದೇಹವಿಲ್ಲ. ಆದರೂ ಮಗುವಿನ ನಾಳೆಯನ್ನು ನಿಶ್ಚಯಿಸುವಾಗ ಮಗುವಿನ ಮಾತಿಗೂ ಒಂದು ಮಣೆ ಹಾಕಬೇಕೆಂಬುದನ್ನು ಈ ಕಥೆ ನೆನಪಿಗೆ ತರುತ್ತದೆ.

ಹೇಲೋ ಆಟವನ್ನು ಅಮೆರಿಕದಲ್ಲಿ 17 ವರ್ಷ ಮೇಲ್ಪಟ್ಟವರಿಗೆಂದು ವರ್ಗೀಕರಿಸಿದ್ದಾರೆ. ಎಳೆಯರ ಕೈಗೆ ಅದನ್ನು ಕೊಡಿರೆಂದು ನಾವು ಹೇಳುವುದಿಲ್ಲ. ಕಾದಂಬರಿಯಲ್ಲಿಯೂ ಯುದ್ಧದ ವರ್ಣನೆ ಬಹಳ. ಅದು ಮೇಲಿನ ತರಗತಿಯವರು, ಸಾಧ್ಯವಾದರೆ ಹಿರಿಯರ ಜತೆಯಲ್ಲಿ, ಓದತಕ್ಕದ್ದು. ನಾವು ಹೇಳುವುದಿಷ್ಟೇ: ಮಗು ಯಾವುದೇ ಆಟದಲ್ಲಿ ಮುಳುಗಿರುವಾಗ ಗದರಿಸಿ ಎಬ್ಬಿಸುವುದಕ್ಕೆ ಮೊದಲು, ‘ಇವನು ಯಾರು? ಇವನ ಮನೆಯವರು ಎಲ್ಲಿ? ಏಕೆ ಹೋರಾಡುತ್ತಿದ್ದಾನೆ?’ ಎಂದು ಒಮ್ಮೆ ಕೇಳಿರಿ. ವಿದ್ಯಾರ್ಥಿಗಳೇ, ನೀವೂ ಅದನ್ನೇ ಕೇಳಿಕೊಳ್ಳಿರಿ. ಉತ್ತರ ಆಟದಲ್ಲಿ ಸಿಗದಿದ್ದರೆ ಪುಸ್ತಕದಲ್ಲಿ ಹುಡುಕಿರಿ. ಅಲ್ಲಿಯೂ ಸಿಗದಿದ್ದರೆ ನೀವೇ ಕನ್ನಡದಲ್ಲಿ ಬರೆಯಿರಿ.