ಸೈಕಲ್ ಸವಾರನ ಮೊಬೈಲ್ ನಕಾಶೆ

ಧಾರವಾಡದಿಂದ ಹುಬ್ಬಳ್ಳಿಗೆ ದಾರಿ ಯಾವುದೆಂದು ಮೊಬೈಲನ್ನು ಕೇಳಿದವರಿಗೆ ಅದು ಸಾಮಾನ್ಯವಾಗಿ ತೋರಿಸುವುದು ನವಲೂರು, ರಾಯಾಪುರ, ಉಣಕಲ್ಲುಗಳನ್ನು ಹಾದು ಸುಮಾರು 20 ಕಿಲೋಮೀಟರು ಸಾಗುವ ಹಿರಿಯ ರಸ್ತೆಯನ್ನೇ. ಅದರ ನಡುವಣ ಪಥವು ತ್ವರಿತ ಸಾರಿಗೆಯ ಚಿಗರಿ ಬಸ್ಸುಗಳಿಗೆ ಮೀಸಲು; ಉಳಿದೆಡೆಯಲ್ಲಿ ಲಾರಿ, ಆಟೋ, ಮೋಟಾರು ಸೈಕಲ್ಲುಗಳ ಸಂದಣಿ. ಸಮೀಪದ ಮಾರ್ಗವೆಲ್ಲವೂ ಸುಖದ ಮಾರ್ಗವಲ್ಲವೆಂದು ಬಲ್ಲ ಸೈಕಲ್ ಸವಾರನು, ಆದುದರಿಂದ, ಹಿಂದಿನ ಸಂಜೆಯೇ ನಕಾಶೆಯನ್ನು ತೆರೆದು, ಊರಿಂದೂರಿಗೆ ಬೆರಳಿಟ್ಟು, ತನ್ನ ದಾರಿಯನ್ನು ತಾನೇ ಬರೆದುಕೊಳ್ಳುತ್ತಾನೆ. ಆ ಗೆರೆಯನ್ನು ಮರುದಿನ ಅನುಸರಿಸುವಲ್ಲಿ ನೆರವಾಗುವುದೇ ಆ್ಯಪಿನ ಕೆಲಸ.

ಈ ಗೆರೆಯೆಂಬುದು ವಸ್ತುತಃ ಬಿಂದುಗಳ ಮಾಲೆ. ಒಂದೊಂದು ಬಿಂದುವಿಗೂ ಅದರ ಅಕ್ಷಾಂಶ, ರೇಖಾಂಶ, ಅನೇಕ ವೇಳೆ ಎತ್ತರವೂ ದಾಖಲಾಗಿರುತ್ತದೆ. ಭೂಮಿಯಿಂದ ಸುಮಾರು 20,000 ಕಿಲೋಮೀಟರು ಮೇಲೆ ಸುತ್ತುವ ಜಿಪಿಎಸ್ ಉಪಗ್ರಹಗಳಲ್ಲಿ ಕನಿಷ್ಠ 4ರ ಸಂಕೇತಗಳನ್ನು ಗ್ರಹಿಸಿ, ಅವು ಬಂದು ತಲುಪಿದ ಕಾಲದ ಅಂತರದಿಂದ ತಾನಿರುವ ಸ್ಥಾನವನ್ನು ಗಣಿಸುವ ಮೊಬೈಲು, ಆ ಸ್ಥಾನವನ್ನು ಮಾಲೆಯೊಡನೆ ಹೋಲಿಸುತ್ತ, ತಿರುವು ಬರುವ ಮುನ್ನ ದನಿಯೆತ್ತಿ ಎಚ್ಚರಿಸುತ್ತದೆ. ನಮ್ಮ ದೇಶದ ನಾವಿಕ್ ವ್ಯವಸ್ಥೆಯ ತತ್ತ್ವವೂ ಇದೇ. ಅದರ ಉಪಗ್ರಹಗಳ ನಿಯಂತ್ರಣ ಕೇಂದ್ರಗಳಲ್ಲಿ ಒಂದು ನಮ್ಮ ಹಾಸನದಲ್ಲಿಯೇ ಉಂಟು. ಸಂಕೇತವನ್ನು ಗ್ರಹಿಸಲು ಇಂಟರ್‌ನೆಟ್ ಬೇಡ. ಆದರೆ ನಕಾಶೆಯನ್ನು ಮನೆಯಲ್ಲಿಯೇ ಇಳಿಸಿಕೊಳ್ಳದೆ ಹೊರಟಲ್ಲಿ, ನೆಟ್‌ವರ್ಕ್ ಸಿಗದ ಕಡೆ ಬರಿಯ ಬಯಲಿನಲ್ಲಿ ಒಂದು ಚುಕ್ಕೆ ಮಾತ್ರ ಕಂಡೀತು. ಪರದೆಯನ್ನು ಆರಿಸಿ, ದನಿಯನ್ನಷ್ಟೇ ಕೇಳುತ್ತ ಹೋದರೆ ಬ್ಯಾಟರಿಯೂ ಉಳಿಯುವುದು, ಕಣ್ಣೂ ರಸ್ತೆಯ ಮೇಲಿರುವುದು.

ಇನ್ನು ನಮ್ಮ ಸೀಮೆಗೆ ವಿಶೇಷವಾಗಿ ಸಲ್ಲುವ ಮಾತೊಂದುಂಟು. ಧಾರವಾಡದ ಪಶ್ಚಿಮಕ್ಕೆ ಕೆಲಗೇರಿ, ಮಂಡಿಹಾಳಗಳ ಕಡೆ ಕೆಮ್ಮಣ್ಣಿನ ಮಲೆನಾಡ ಸೆರಗು. ಪೂರ್ವಕ್ಕೆ ಹೆಬ್ಬಳ್ಳಿಯ ಕಡೆ ಎರೆಯ ಬಯಲು. ಈ ಮಣ್ಣಿನ ಭೇದವು ನಕಾಶೆಯಲ್ಲಿ ಕಾಣುವುದು ಅಪರೂಪ. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕಾಶೆಯನ್ನು ಅನೇಕ ಆ್ಯಪುಗಳು ಆಧರಿಸಿವೆ. ಅದನ್ನು ಬರೆದ ಸ್ವಯಂಸೇವಕರ ಶ್ರಮ ನಿಜಕ್ಕೂ ವಂದನೀಯವಾದುದು. ಆದರೂ ಆಕಾಶದಿಂದ ತೆಗೆದ ಚಿತ್ರವನ್ನು ನೋಡಿ ಬರೆದಲ್ಲಿ, ಎರೆಯ ಹೊಲದ ನಡುವಿನ ಬಂಡಿಯ ಜಾಡು ಡಾಂಬರು ರಸ್ತೆಯಂತೆಯೇ ದಾಖಲಾಗಿಬಿಡುವ ಸಂಭವವುಂಟು. ಮಾಘದಲ್ಲಿ ಕಲ್ಲಿನಂತೆ ಗಟ್ಟಿಯಾಗಿದ್ದ ಅದೇ ಜಾಡು, ಆಷಾಢದ ಒಂದು ಮಳೆಗೆ ಅಂಟಾಗಿ, ಟೈರಿಗೆ ಮೆತ್ತಿ, ಮಡ್ಗಾರ್ಡಿನೊಳಗೆ ತುಂಬಿ, ಗಾಲಿಯು ಉರುಳದೆ ನಿಲ್ಲುವಂತೆ ಮಾಡುತ್ತದೆ. ಕಡ್ಡಿಯಿಂದ ಕೆರೆದು ತೆಗೆದರೆ ಹತ್ತು ಹೆಜ್ಜೆಗೆ ಮತ್ತೆ ತುಂಬುತ್ತದೆ. ಕಡೆಗೆ ಸೈಕಲ್ಲನ್ನು ಹೆಗಲಿಗೇರಿಸಿ ನಡೆಯುವುದೊಂದೇ ಗತಿ. ಪರದೆಯ ಗೆರೆ ಮಾತ್ರ ಎರಡು ಋತುಗಳಲ್ಲಿಯೂ ಒಂದೇ ಬಣ್ಣದ್ದು.

ಆದುದರಿಂದ ಮಳೆಗಾಲದಲ್ಲಿ ಎರೆಯ ಸೀಮೆಗೆ ಹೊರಡುವವರು ಡಾಂಬರು ದಾರಿಗಳನ್ನೇ ಆಯ್ದು ಗೆರೆಯೆಳೆಯಬೇಕು. ದಾರಿಯಲ್ಲಿ ರೈತರೊಬ್ಬರು, "ಮುಂದ ಹಳ್ಳ ಬಂದೈತ್ರೀ, ಹೊಳ್ಳಿ ಹೋಗ್ರಿ" ಎಂದರೆ ಆ ಮಾತನ್ನೇ ಪ್ರಮಾಣವೆಂದು ತಿಳಿಯಬೇಕು. ಹಾಗೆ ಗೆರೆಯನ್ನು ಬಿಟ್ಟು ಹೊರಳಿದೊಡನೆ ಆ್ಯಪು ಹೊಸ ದಾರಿಯೊಂದನ್ನು ತಾನಾಗಿ ಹುಡುಕಿಕೊಡುವುದುಂಟು, ಅದು ಅದೇ ಹಳ್ಳಕ್ಕೆ ಇನ್ನೊಂದು ಕಡೆಯಿಂದ ಕರೆದೊಯ್ಯುವುದೂ ಉಂಟು. ಆ ಸೌಲಭ್ಯವನ್ನು ಮೊದಲೇ ನಿಲ್ಲಿಸಿಟ್ಟು, ಸೇತುವೆಯುಳ್ಳ ರಸ್ತೆಯನ್ನು ಕೇಳಿ ತಿಳಿದು ಹಳ್ಳವನ್ನು ದಾಟಿ, ಮುಂದಿನ ಊರಿನಲ್ಲಿ ಮೂಲ ಗೆರೆಯನ್ನು ಕೂಡಿಕೊಂಡರೆ, ಆ್ಯಪು ಅಲ್ಲಿಂದ ಮುಂದಿನ ತಿರುವುಗಳನ್ನು ಮತ್ತೆ ಹೇಳತೊಡಗುತ್ತದೆ.