ಕಾರಿನಿಂದ ಇಳಿಸಿದ ಎಣ್ಣೆ ಮತ್ತು ಕಲ್ಲಿನಡಿಯ ನೀರು



ಗುಡ್ಡದ ಊರಿನ ಸಭೆಯಲ್ಲಿ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಮಾತೇಕೆ ಎಂದು ಯಾರಿಗಾದರೂ ಅನ್ನಿಸಬಹುದು. ಶಹಾಬಾದಿನ ಹಾಸುಗಲ್ಲನ್ನು ತುಳಿಯದವರು, ಆ ಸೀಮೆಯ ಸಿಮೆಂಟಿನ ಚೀಲವನ್ನು ನೋಡದವರು ಇಲ್ಲಿ ವಿರಳ. ಆದರೆ ಇಂದಿನ ವಿಷಯ ಕಲ್ಲಲ್ಲ, ಸಿಮೆಂಟೂ ಅಲ್ಲ. ಸ್ವಂತ ಕಾರಿನ ಎಂಜಿನ್ ಆಯಿಲನ್ನು ಮನೆಯಂಗಳದಲ್ಲಿಯೇ ಬದಲಿಸಿಕೊಳ್ಳುವ ಕೆಲಸ ಇಂದಿನ ವಿಷಯ. ಎಣ್ಣೆ ಬದಲಿಸುವುದು ಎಲ್ಲಿಯಾದರೂ ಒಂದೇ. ಇಳಿಸಿದ ಎಣ್ಣೆಯ ಗತಿ ಮಾತ್ರ ನೆಲವನ್ನು ಅವಲಂಬಿಸಿದೆ, ಅದನ್ನು ತಿಳಿಯಲು ಆ ಸೀಮೆಯ ನೆಲವೇ ಒಳ್ಳೆಯ ಪಾಠಶಾಲೆ.

ಆ ನೆಲವನ್ನು ಮೊದಲು ಕಣ್ಣ ಮುಂದೆ ತಂದುಕೊಳ್ಳಬೇಕು. ಮೇಲ್ಭಾಗದಲ್ಲಿ ಚಿಂಚೋಳಿಯ ಗುಡ್ಡಗಳಿವೆ. ಅಲ್ಲಿನ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿ ಹರಿಯುವ ಮುಲ್ಲಾಮಾರಿ ಕೆಳಗಿಳಿದು ಕಾಗಿಣಾ ನದಿಯನ್ನು ಸೇರುತ್ತದೆ. ಕಾಗಿಣಾ ಸೇಡಂ ತಾಲ್ಲೂಕಿನ ಮಳಖೇಡವನ್ನು, ಅಂದರೆ ರಾಷ್ಟ್ರಕೂಟರ ಮಾನ್ಯಖೇಟವನ್ನು, ಹಾದು ಮುಂದೆ ಭೀಮೆಗೆ ಕೂಡುತ್ತದೆ. ಈ ನದಿಗಳ ನಡುವೆ ಕಪ್ಪು ಎರೆಮಣ್ಣು, ಅದರಡಿಯಲ್ಲಿ ಹಾಳೆ ಹಾಳೆಯಾಗಿ ಮಲಗಿರುವ ಸುಣ್ಣಕಲ್ಲು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹಳಿ ಬಿತ್ತು. 1968ರಲ್ಲಿ ವಾಡಿಯ ಸಿಮೆಂಟ್ ಕಾರ್ಖಾನೆ ಆರಂಭವಾಯಿತು. ಈ ಸೀಮೆಯ ಕೈಗಾರಿಕೆಗೆ ಬುನಾದಿ ಆ ಕಲ್ಲೇ.

ಎರೆಮಣ್ಣು ಬೇಸಿಗೆಯಲ್ಲಿ ಬಾಯಿಬಿಡುತ್ತದೆ. ಸುಣ್ಣಕಲ್ಲಿನಲ್ಲಿ ನೀರು ಸಂದುಗಳ ಮೂಲಕ, ಹಾಳೆಗಳ ನಡುವಿನ ಬಿರುಕುಗಳ ಮೂಲಕ ಓಡುತ್ತದೆ. ದಪ್ಪ ಮಣ್ಣಿನಲ್ಲಿ ನಿಧಾನವಾಗಿ ಇಂಗುವಾಗ ನೀರಿಗೆ ಸಿಗುವ ಶೋಧನೆ ಇಲ್ಲಿ ಸಿಗುವುದಿಲ್ಲ. ಮೇಲೆ ಚೆಲ್ಲಿದ್ದು ಬೇಗ ಕೆಳಗೆ ಮುಟ್ಟುತ್ತದೆ. ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಗಳಲ್ಲಿ ಮಳೆನೀರು ನಿಂತಿರುತ್ತದೆ. ಬೇಡವಾದದ್ದನ್ನು ಅಂತಹ ಗುಂಡಿಗೆ ಸುರಿಯುವುದೆಂದರೆ ಬಾವಿಯ ಬಾಯಿಗೇ ಸುರಿದಂತೆ.

ಇನ್ನು ಎಣ್ಣೆಯ ವಿಚಾರ. ಎಂಜಿನ್ ಆಯಿಲ್ ಲೋಹಗಳ ಸವೆತವನ್ನು ತಡೆಯುತ್ತದೆ, ಬಿಸಿಯನ್ನು ಹೊರಗೊಯ್ಯುತ್ತದೆ, ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಇಂಧನ ಉರಿದಾಗ ಹುಟ್ಟುವ ಆಮ್ಲಗಳನ್ನು ಶಮನಗೊಳಿಸುವುದೂ ಅದರ ಕೆಲಸ. ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಆಮ್ಲವನ್ನು ಶಮನಗೊಳಿಸಲು ಎಣ್ಣೆಗೆ ಸಾಮಾನ್ಯವಾಗಿ ಬೆರೆಸುವ ವಸ್ತುಗಳಲ್ಲಿ ಕಣ್ಣಿಗೆ ಕಾಣದಷ್ಟು ನುಣುಪಾದ ಕ್ಯಾಲ್ಸಿಯಂ ಕಾರ್ಬೊನೇಟ್ ಒಂದು. ಸೇಡಂ, ಶಹಾಬಾದ್‌ಗಳ ಕಲ್ಲಿನ ಮುಖ್ಯ ದ್ರವ್ಯವೂ ಅದೇ! ಆ ಅಂಶ ಆಮ್ಲದೊಡನೆ ಸೆಣಸಿ ಕರಗುತ್ತಾ ಹೋಗುತ್ತದೆ. ಎಣ್ಣೆಯ ಬಣ್ಣ ಕಪ್ಪಾದ ಮಾತ್ರಕ್ಕೆ ಕೆಟ್ಟಿತೆಂದಲ್ಲ, ಮಸಿ ಹಿಡಿಯುತ್ತಿದೆಯೆಂದು ಅರ್ಥ. ಈ ಗುಪ್ತ ಅಂಶ ಮುಗಿದಾಗಲೇ ಅದು ನಿಜವಾಗಿ ದಣಿದಂತೆ. ಅದನ್ನು ಕಣ್ಣಿನಿಂದ ತಿಳಿಯಲಾಗದು. ಆದ್ದರಿಂದ ಕಾರಿನ ಕೈಪಿಡಿಯಲ್ಲಿರುವ ಕಿಲೋಮೀಟರ್ ಮತ್ತು ತಿಂಗಳ ಲೆಕ್ಕವನ್ನೇ ನಂಬಬೇಕು. ಧೂಳಿನ ದಾರಿಯಲ್ಲಿ ಓಡುವ ವಾಹನಕ್ಕೆ ಆ ಅವಧಿಯನ್ನು ಕಡಿಮೆ ಮಾಡಬೇಕೆಂದು ಕೈಪಿಡಿಗಳೇ ಹೇಳುತ್ತವೆ. ಗಣಿ ಲಾರಿಗಳ ಹಿಂದೆ ದಿನವೂ ಸಾಗುವ ಕಾರಿಗೆ ಈ ಮಾತು ಅನ್ವಯಿಸದಿದ್ದರೆ ಇನ್ನಾವುದಕ್ಕೆ ಅನ್ವಯಿಸೀತು?

ಕೆಲಸವೇನೋ ಕಷ್ಟದ್ದಲ್ಲ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಐದು ನಿಮಿಷ ಎಂಜಿನ್ ಓಡಿಸಿ ಆರಿಸಬೇಕು. ಬೆಚ್ಚಗಾದ ಎಣ್ಣೆ ಚೆನ್ನಾಗಿ ಇಳಿಯುತ್ತದೆ. ಕುದಿಯುವಷ್ಟು ಬಿಸಿಯಾಗಿದ್ದರೆ ಕೈ ಸುಡುತ್ತದೆ. ಜಾಕ್ ಇಡುವಾಗ ಎಚ್ಚರ ಬೇಕು. ಮರಳಿನ ಮೇಲೆ ಹಾಸಿದ ತೆಳು ಹಾಸುಗಲ್ಲು ಜಾಕಿನ ಭಾರಕ್ಕೆ ಬಿರಿಯುತ್ತದೆ, ಎರೆಮಣ್ಣಿನಲ್ಲಿ ಜಾಕ್ ಹೂತುಹೋಗುತ್ತದೆ, ಗುಡ್ಡದ ಇಳಿಜಾರಿನಲ್ಲಿ ಕಾರೇ ಜಾರುತ್ತದೆ. ಬರಿಯ ಜಾಕನ್ನು ನಂಬಿ ಕಾರಿನಡಿ ಯಾರೂ ನುಸುಳಕೂಡದು. ಗಟ್ಟಿ ಸ್ಟ್ಯಾಂಡ್ ಕೊಟ್ಟು, ಚಕ್ರಗಳಿಗೆ ಕಲ್ಲು ಒತ್ತಿಟ್ಟ ಮೇಲೆಯೇ ಕೆಳಗೆ ಹೋಗಬೇಕು. ಸ್ಟ್ಯಾಂಡ್ ಇಲ್ಲದವರು ಆ ದಿನ ಗ್ಯಾರೇಜಿಗೆ ಹೋಗುವುದೇ ಲೇಸು.

ಅಗಲವಾದ ತಟ್ಟೆಯನ್ನಿಟ್ಟು ಡ್ರೈನ್ ಬೋಲ್ಟ್ ಬಿಚ್ಚಿದರೆ ಹಳೆಯ ಎಣ್ಣೆ ಇಳಿಯುತ್ತದೆ. ಸಣ್ಣ ಪೆಟ್ರೋಲ್ ಕಾರಾದರೆ ಸುಮಾರು ಮೂರು ಲೀಟರ್. ಹಳೆಯ ಫಿಲ್ಟರ್ ತೆಗೆದಾಗ ಅದರ ರಬ್ಬರ್ ಬಳೆ ಎಂಜಿನ್ನಿಗೇ ಅಂಟಿಕೊಂಡಿದೆಯೇ ಎಂದು ನೋಡಬೇಕು. ಅಂಟಿದ್ದರ ಮೇಲೆ ಹೊಸದನ್ನು ಕೂರಿಸಿದರೆ ಅಲ್ಲಿಂದಲೇ ಎಣ್ಣೆ ಸೋರುತ್ತದೆ. ಹೊಸ ಫಿಲ್ಟರಿನ ಬಳೆಗೆ ಹೊಸ ಎಣ್ಣೆ ಸವರಿ ಕೈಯಿಂದಲೇ ಬಿಗಿ ಮಾಡಬೇಕು. ಬೋಲ್ಟಿಗೆ ಹೊಸ ವಾಷರ್ ಹಾಕಿ, ಕೈಪಿಡಿ ಹೇಳಿದ ದರ್ಜೆಯ ಎಣ್ಣೆಯನ್ನು ತುಂಬಿ, ಒಂದೆರಡು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿ, ಸ್ವಲ್ಪ ಹೊತ್ತಿನ ಬಳಿಕ ಡಿಪ್‌ಸ್ಟಿಕ್ ನೋಡಿದರೆ ಆಯಿತು. ಮೇಲಿನ ಗುರುತನ್ನು ಮೀರಿ ಸುರಿಯುವುದೂ ಕೆಡುಕೇ.

ಬಹಳ ಮಂದಿ ಇಲ್ಲಿಗೆ ಕೆಲಸ ಮುಗಿಯಿತೆಂದು ಕೈ ತೊಳೆಯುತ್ತಾರೆ. ತಟ್ಟೆಯಲ್ಲಿರುವ ಮೂರು ಲೀಟರಿನಲ್ಲಿ ಸವೆದ ಲೋಹದ ಕಣಗಳಿವೆ, ಅರೆಬೆಂದ ಇಂಧನದಿಂದ ಹುಟ್ಟಿದ ವಿಷಕಾರಿ ಸಂಯುಕ್ತಗಳಿವೆ. ಬಳಸಿದ ಪೆಟ್ರೋಲ್ ಎಂಜಿನ್ ಎಣ್ಣೆಯನ್ನು ಇಲಿಗಳ ಚರ್ಮಕ್ಕೆ ಪದೇ ಪದೇ ಸವರಿದ ಪ್ರಯೋಗಗಳಲ್ಲಿ ಚರ್ಮದ ಗಡ್ಡೆಗಳು ಕಾಣಿಸಿಕೊಂಡಿವೆ. ಕೈಗವಸು ಹಾಕುವುದು ಶೋಕಿಯಲ್ಲ. ನೀರಿನ ವಿಷಯದಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕೊಡುವ ಲೆಕ್ಕ ಹೀಗಿದೆ: ಒಂದು ಬಾರಿ ಬದಲಿಸಿದ ಎಣ್ಣೆ ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದು. ಆರು ಮೀಟರ್ ಅಗಲದ ಬಾವಿಯಲ್ಲಿ ಹತ್ತು ಮೀಟರ್ ನೀರಿದ್ದರೆ ಅದು ಸುಮಾರು 2 ಲಕ್ಷ 80 ಸಾವಿರ ಲೀಟರ್. ಅಂತಹ ಹದಿಮೂರು ಬಾವಿಗಳಷ್ಟಾಯಿತು. ಇದು ಎಲ್ಲೆಡೆ ಹೀಗೆಯೇ ಆಗುತ್ತದೆಂಬ ಭವಿಷ್ಯವಾಣಿಯಲ್ಲ. ಆದರೆ ಊರಿಗಿರುವುದು ಒಂದೇ ಬಾವಿಯಾದರೆ ಉಳಿದ ಹನ್ನೆರಡರ ಲೆಕ್ಕ ಯಾರಿಗೆ ಬೇಕು?

ನೆಲದ ಮೇಲೆ ಚೆಲ್ಲಿದ ಹನಿಗಳ ಮೇಲೆ ತೊಗರಿ ಹೊಟ್ಟನ್ನು ಎರಚುವುದು ಸಲ್ಲದು. ಅದು ದನಗಳ ಮೇವು. ಎಣ್ಣೆ ಹೀರಿದ ಹೊಟ್ಟನ್ನೂ ದನ ಬಾಯಿಗೆ ಹಾಕೀತು. ಕಲ್ಲಿನ ಪುಡಿಯನ್ನು ಎರಚಿ, ಗುಡಿಸಿ, ಚೀಲಕ್ಕೆ ತುಂಬಿಡಬೇಕು. ಗೆದ್ದಲಿಗೆಂದು ಬೇಲಿಗೂಟಕ್ಕೆ ಹಳೆಯ ಎಣ್ಣೆ ಬಳಿಯುವವರು ಗುಡ್ಡದಲ್ಲಿಯೂ ಇದ್ದಾರೆ, ಸೆಂಟ್ರಿಂಗ್ ಹಲಗೆಗೆ ಬಳಿಯುವವರು ಪಟ್ಟಣಗಳಲ್ಲಿದ್ದಾರೆ. ವ್ಯರ್ಥವಾಗದಿರಲೆಂಬ ಅವರ ಉದ್ದೇಶ ಒಳ್ಳೆಯದೇ. ಆದರೆ ಗೂಟಕ್ಕೆ ಬಳಿದದ್ದು ಮಳೆಗಾಲದಲ್ಲಿ ತೊಳೆದು ತೋಟಕ್ಕೆ, ತೋಟದಿಂದ ಹಳ್ಳಕ್ಕೆ ಇಳಿಯುತ್ತದೆ.

ಸಿಮೆಂಟ್ ಕಾರ್ಖಾನೆಯ ಸೀಮೆಯಲ್ಲಿ ಇನ್ನೊಂದು ಯೋಚನೆ ಬರುವುದು ಸಹಜ: ಅಷ್ಟು ದೊಡ್ಡ ಗೂಡಿದೆ, ಅದರೊಳಗೆ ಕಲ್ಲೇ ಸುಮಾರು 1450 ಡಿಗ್ರಿಯಲ್ಲಿ ಬೇಯುತ್ತದೆ, ಅಲ್ಲಿಗೇ ಕೊಟ್ಟರಾಗದೇ? ಗೂಡಿನಲ್ಲಿ ಅಪಾಯಕಾರಿ ತ್ಯಾಜ್ಯವನ್ನು ಉರಿಸುವ ಪದ್ಧತಿ ಉಂಟು, ಆದರೆ ಅದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಡಬ್ಬಿ ಹಿಡಿದು ಗೇಟಿಗೆ ಹೋದವರಿಂದ ಕೊಳ್ಳುವ ವ್ಯವಸ್ಥೆ ಅದಲ್ಲ. ಮೇಲಾಗಿ ಈ ಎಣ್ಣೆಯನ್ನು ಮೊದಲು ಉರಿಸಬೇಕಾದದ್ದೂ ಇಲ್ಲ. ಕೊಳೆ ತೆಗೆದು ಮತ್ತೆ ಶುದ್ಧೀಕರಿಸಿದರೆ ಅದು ಪುನಃ ಎಣ್ಣೆಯೇ ಆಗುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಮರುಬಳಕೆಗೆ ಯೋಗ್ಯವಾದ ಬಳಸಿದ ಎಣ್ಣೆಯನ್ನೂ ಅಯೋಗ್ಯವಾದ ತ್ಯಾಜ್ಯ ಎಣ್ಣೆಯನ್ನೂ ಬೇರೆ ಬೇರೆಯಾಗಿ ಹೇಳುತ್ತವೆ. 2023ರ ತಿದ್ದುಪಡಿಯ ಪ್ರಕಾರ, 2024ರ ಏಪ್ರಿಲ್ 1ರಿಂದ ಎಣ್ಣೆ ತಯಾರಕರೂ ಆಮದುದಾರರೂ ಬಳಸಿದ ಎಣ್ಣೆಯ ಮರುಬಳಕೆಗೆ ಹೊಣೆಗಾರರು. ಕಾನೂನು ಸರಿಯಾದ ದಾರಿಯಲ್ಲಿದೆ. ಆದರೆ ಅಂಗಳದ ತಟ್ಟೆಯಿಂದ ಆ ಕಂಪನಿಯವರೆಗಿನ ಹಾದಿಯ ಮೊದಲ ಹೆಜ್ಜೆಯನ್ನು ಕಾರಿನ ಯಜಮಾನನೇ ಇಡಬೇಕು.

ಆ ಹೆಜ್ಜೆ ಹೀಗೆ. ಹೊಸ ಎಣ್ಣೆ ಬಂದ ಡಬ್ಬಿಯಲ್ಲಿಯೇ ಹಳೆಯದನ್ನು ತುಂಬಬೇಕು. ಅದಕ್ಕೆ ನೀರು, ಸೀಮೆಎಣ್ಣೆ, ಪೆಟ್ರೋಲ್, ಬ್ರೇಕ್ ಆಯಿಲ್ ಬೆರೆಸಬಾರದು; ಬೆರೆತರೆ ಮರುಶುದ್ಧೀಕರಣ ಕಷ್ಟವಾಗುತ್ತದೆ. ಕುಡಿಯುವ ನೀರಿನ ಬಾಟಲಿಯಲ್ಲಿ ಎಂದಿಗೂ ತುಂಬಬಾರದು, ಮನೆಯಲ್ಲಿ ಮಕ್ಕಳಿರುತ್ತಾರೆ. ಫಿಲ್ಟರನ್ನು ಒಂದು ರಾತ್ರಿ ಬೋರಲಾಗಿ ಇಟ್ಟು ಒಳಗಿನ ಎಣ್ಣೆಯನ್ನೂ ಬಸಿಯಬೇಕು. ಬಳಿಕ ನಾಲ್ಕೈದು ಮನೆಗಳ ಡಬ್ಬಿಗಳನ್ನು ಕೂಡಿಸಿ, ಹಳೆಯ ಎಣ್ಣೆಯನ್ನು ಸಂಗ್ರಹಿಸಿಡುವ ಗ್ಯಾರೇಜಿಗೆ ಕೊಡಬಹುದು. ಕೊಡುವಾಗ ಒಂದು ಪ್ರಶ್ನೆ ಕೇಳಲೇಬೇಕು: ‘ಇದನ್ನು ಕೊಂಡೊಯ್ಯುವವರಿಗೆ ಮಂಡಳಿಯ ನೋಂದಣಿ ಇದೆಯೇ?’ ಉತ್ತರ ಸಿಗದಿದ್ದರೆ ಡಬ್ಬಿಯನ್ನು ಮರಳಿ ತಂದು, ಮುಚ್ಚಳ ಬಿಗಿದು, ಒಲೆಯಿಂದ ದೂರ ನೆರಳಿನಲ್ಲಿಟ್ಟು ಇನ್ನೊಂದು ಗ್ಯಾರೇಜನ್ನು ಹುಡುಕಬೇಕು. ಮೂರು ಲೀಟರಿನ ಡಬ್ಬಿ ಮೂಲೆಯಲ್ಲಿ ಎರಡು ತಿಂಗಳು ಕೂತರೆ ಯಾರಿಗೂ ನಷ್ಟವಿಲ್ಲ.