ನಡ ತಿರುವು



ಬಸವಕಲ್ಯಾಣ, ಹುಮನಾಬಾದ್ ಕಡೆಯವರಿಗೆ ಗಾಲ್ಫ್ ಎಂದರೆ ಟಿವಿಯಲ್ಲಿ ಕಂಡ ಆಟ. ಆದರೆ ಆ ಆಟದ ಜೀವಾಳ ನಮ್ಮ ಕುಸ್ತಿ ತಾಲೀಮುಗಳಲ್ಲಿದೆ. ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಬಂತೆಂದರೆ ಕುಸ್ತಿಯ ಮಾತೂ ಬರುತ್ತದೆ. ಕೆಂಪು ಮಣ್ಣಿನ ಪಕ್ಕ ಹುಡುಗನೊಬ್ಬ ಮುದ್ಗರ ತಿರುಗಿಸುವುದನ್ನು ಹತ್ತಿರದಿಂದ ನೋಡಿ. ಹೊಸಬ ಬರೀ ತೋಳಿನಿಂದ ಎಳೆಯುತ್ತಾನೆ. ನಾಲ್ಕು ಸುತ್ತಿಗೆ ಮೊಣಕೈ ನೋಯುತ್ತದೆ. ಆಗ ವಸ್ತಾದರು ಹೇಳುವ ಮಾತು ಒಂದೇ: "ಕೈಲೆ ಎತ್ತಬ್ಯಾಡೋ ತಮ್ಮಾ, ನಡ ತಿರುವು."

ಗಾಲ್ಫ್ ಕಲಿಸುವವರು ಹೇಳುವುದೂ ಇದನ್ನೇ. ಕೋಲು ಹಿಂದಕ್ಕೆ ಹೋಗುವಾಗ ಭುಜ ಸುಮಾರು 90 ಡಿಗ್ರಿ ತಿರುಗಬೇಕು, ಸೊಂಟ ಅದರ ಅರ್ಧದಷ್ಟು. ಈ ಅಂತರದಲ್ಲೇ ಬೆನ್ನು, ಪಕ್ಕೆ ಹಗ್ಗದಂತೆ ಹುರಿಗೊಳ್ಳುತ್ತವೆ. ಬಿಡುವಾಗ ಮೊದಲು ಮುಂದಿನ ಕಾಲಿಗೆ ಭಾರ, ಆಮೇಲೆ ಸೊಂಟ, ಎದೆ, ತೋಳು, ಕೋಲು ಕಟ್ಟಕಡೆಗೆ. ಕೈಯೇ ಮುಂದೋಡಿದರೆ ಚೆಂಡು ಅಡ್ಡದಾರಿ ಹಿಡಿಯುತ್ತದೆ.

ದೂರ ಹೊಡೆಯುವ ಬಲವೊಂದೇ ಆಟವಲ್ಲ. ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು. ಅತಿ ದೂರ ಹೊಡೆಯುವವರ ಸಾಲಿನವರಲ್ಲ ಅವರು. ಆದರೂ ಪದಕ ತಪ್ಪಿದ್ದು ಒಂದೇ ಹೊಡೆತದ ಅಂತರದಲ್ಲಿ. ಕೊನೆಯ ಸುತ್ತಿನ ಆ ಬೆಳಿಗ್ಗೆ ಗಾಲ್ಫ್ ಗೊತ್ತಿಲ್ಲದವರೂ ಟಿವಿ ಮುಂದೆ ಕುಳಿತಿದ್ದರು.

ನಡ ತಿರುಗಿಸುವುದು ಹೇಗೆಂದು ತಿಳಿಯಲು ಇವತ್ತು ಒಂದು ಕೆಲಸ ಮಾಡಿ. ಲಾಠಿಯೊಂದನ್ನು ಹೆಗಲ ಮೇಲೆ ಅಡ್ಡ ಹಿಡಿದು, ಮೊಣಕಾಲು ತುಸು ಬಾಗಿಸಿ, ನಿಧಾನವಾಗಿ ಎಡಕ್ಕೆ ಹತ್ತು ಸಲ, ಬಲಕ್ಕೆ ಹತ್ತು ಸಲ ತಿರುಗಿ. ಬೆನ್ನುನೋವಿದ್ದವರು ವೈದ್ಯರನ್ನು ಕೇಳಿಯೇ ಮಾಡಿ.